ನೀರು ಎಷ್ಟು ಗಂಟೆಗೆ ಬರುತ್ತೆ?

ನಾನು ಯಾಟ್, ಅಂದರೆ ಮೋಜಿನ ಹಾಯಿದೋಣಿ, ಇಟ್ಟಿದ್ದೇನೆ ಅಂತ ಯಾರೋ ಸುದ್ದಿ ಹಬ್ಬಿಸಿಬಿಟ್ಟಿದ್ದಾರೆ. ಈ ಸಲ ಇಂಗ್ಲೆಂಡಿನ ಸೌತಾಂಪ್ಟನ್ನಿನ ಯುಗಾದಿ ಊಟದಲ್ಲಿ, ಪರಿಚಯವೇ ಇಲ್ಲದ ಒಬ್ಬರು "ನಿಮ್ದೇ ಅಲ್ವಾ ಆ ಯಾಟು?" ಅಂತ ಕೇಳಿ, ಬಡಿಸುವವರನ್ನು ಕೂಗಿ ಕರೆದು ನನಗೆ ಇನ್ನೊಂದು ಹೋಳಿಗೆ ಹಾಕಿಸಿದರು. ಅವರ ಮನಸ್ಸಲ್ಲಿ ಬಿಳಿ ಪ್ಯಾಂಟು, ಕಪ್ಪು ಕನ್ನಡಕ, ಕೈಯಲ್ಲೊಂದು ಗ್ಲಾಸು. ಹೋಳಿಗೆಯ ಋಣ ಇದೆ, ನಿಜ ಹೇಳಿಬಿಡುತ್ತೇನೆ. ಅವತ್ತು ಬೆಳಿಗ್ಗೆ ನಾನು ಅದೇ ಯಾಟಿನಲ್ಲಿ ಬೋರಲು ಮಲಗಿದ್ದೆ. ನೆಲದ ಹಲಗೆ ಎತ್ತಿ, ಭುಜದ ತನಕ ಕೈ ಇಳಿಬಿಟ್ಟು, ತಳದ ಕೊಳೆನೀರಲ್ಲಿ ಬಿದ್ದ 10 ನಂಬರ್ ಸ್ಪ್ಯಾನರ್ ಹುಡುಕುತ್ತಿದ್ದೆ. ಕೈಗೆ ಸಿಕ್ಕಿದ್ದು 13 ನಂಬರಿನದು. ಅದು ಕಳೆದ ಜುಲೈಯಲ್ಲಿ ಬಿದ್ದದ್ದು. ಅದರ ಕಥೆಯೇ ಬೇರೆ, ಬರುತ್ತೇನೆ ಅಲ್ಲಿಗೆ.

ಈ ಚಟ ನನಗೆ ಅಂಟಿದ್ದು ಗಂಗೊಳ್ಳಿಯಲ್ಲಿ. ಐದು ಹೊಳೆ ಸೇರಿ ಪಂಚಗಂಗಾವಳಿಯಾಗಿ ಸಮುದ್ರ ಸೇರುವ ಅಳಿವೆ ಅದು. ನನಗಾಗ 10 ವರ್ಷ. ದಡದಲ್ಲಿ ಕಟ್ಟಿದ್ದ ಯಾರದೋ ಸಣ್ಣ ದೋಣಿ ಬಿಚ್ಚಿ, ಒಂದು ಬಿದಿರಿಗೆ ಅಜ್ಜನ ಪಂಚೆ ಕಟ್ಟಿ ಹಾಯಿ ಮಾಡಿದೆ. ಪಂಚೆಯೊಳಗೆ ಗಾಳಿ ತುಂಬಿತು. ದೋಣಿ ಹೊರಟಿತು. ಹುಟ್ಟು ಹಾಕದೆ, ಸದ್ದಿಲ್ಲದೆ, ಯಾರೋ ಹಿಂದಿನಿಂದ ಅಂಗೈಯಲ್ಲಿ ಮೆಲ್ಲಗೆ ನೂಕಿದ ಹಾಗೆ. ನೂರು ಮಾರು ಹೋಗಿರಬಹುದು, ಅಷ್ಟೇ. ಆಮೇಲೆ ಒಂದು ಕುದ್ರುವಿನ, ಅಂದರೆ ಹೊಳೆ ನಡುವಿನ ನಡುಗಡ್ಡೆಯ, ಪಕ್ಕದ ಕೆಸರಿಗೆ ನುಗ್ಗಿ ನಿಂತಿತು. ಇಳಿತ ಶುರುವಾಗಿತ್ತು. ದೋಣಿಯ ಯಜಮಾನ ದಡದಲ್ಲಿ ನಿಂತು ಬೈದದ್ದೆಲ್ಲ ಇಲ್ಲಿ ಬರೆಯುವಂಥದ್ದಲ್ಲ. ಬೈದು ಬೈದು ಅವನಿಗೇ ಸುಸ್ತಾಗಿ, ಕೊನೆಗೆ "ನೀರ್ ಬಪ್ಪವರಿಗೂ ಅಲ್ಲೇ ಕೂಕೋ ಮಾಣಿ!" ಅಂದ. ಕೂತೆ. ನಾಲ್ಕು ಗಂಟೆ ಕೂತೆ. ಅಜ್ಜನಿಗೆ ಪಂಚೆ ಸಿಕ್ಕಿದ್ದು ಸಂಜೆ. ನನಗೆ ಏಟು ಸಿಕ್ಕಿದ್ದೂ ಸಂಜೆಯೇ.

ಕಂಪ್ಯೂಟರ್ ಕೆಲಸ ನನ್ನನ್ನು ಸೌತಾಂಪ್ಟನ್ನಿಗೆ ತಂದು ಹಾಕಿತು. ಇಲ್ಲಿ ಮೀನು ಹಿಡಿಯದವರೂ ದೋಣಿ ಇಟ್ಟುಕೊಳ್ಳುತ್ತಾರೆ ಅಂತ ಗೊತ್ತಾದ ಮೇಲೆ ನನ್ನನ್ನು ಹಿಡಿಯುವವರು ಯಾರು? ಮೊದಲು ತಂದದ್ದು 21 ಅಡಿಯ ಹಳೇ ಕಾರಿಬೀ. ಅದೇ ಮಾದರಿಯ ದೋಣಿಯಲ್ಲಿ, ಹಾಯಿದೋಣಿ ನಡೆಸುವುದರಲ್ಲಿ ಹೆಸರು ಮಾಡಿದ ಎಲೆನ್ ಮೆಕ್‌ಆರ್ಥರ್ 1995ರಲ್ಲಿ ಒಬ್ಬರೇ ಬ್ರಿಟನ್ನಿಗೆ ಒಂದು ಸುತ್ತು ಬಂದಿದ್ದರು. ಆಗ ಅವರಿಗಿನ್ನೂ 20 ತುಂಬಿರಲಿಲ್ಲ. ಇದನ್ನು ಹೆಂಡತಿಗೆ ಭಾರೀ ಹುಮ್ಮಸ್ಸಿನಿಂದ ಹೇಳಿದೆ. ಅವಳು ಒಳಗೆ ಇಳಿದಳು. ನೆಟ್ಟಗೆ ನಿಲ್ಲಲು ಹೋಗಿ ತಲೆ ಹೊಡೆಸಿಕೊಂಡಳು. ಪಕ್ಕಕ್ಕೆ ಸರಿದು ಇನ್ನೊಮ್ಮೆ ಹೊಡೆಸಿಕೊಂಡಳು. "ಅವರು ಒಬ್ಬರೇ ಯಾಕೆ ಹೋದರು ಅಂತ ಈಗ ಗೊತ್ತಾಯ್ತು ಬಿಡಿ" ಅಂದಳು.

ಹಾಗಾಗಿ ಎರಡನೆಯದು ವೆಸ್ಟರ್ಲಿ ಸೆಂಟಾರ್. 26 ಅಡಿ, ಒಳಗೆ ನಿಲ್ಲಬಹುದು. 1969ರಿಂದ 1980ರ ತನಕ ಇಂಥವು 2400ಕ್ಕೂ ಜಾಸ್ತಿ ತಯಾರಾದವು. ದೋಣಿಗಳಲ್ಲಿ ಅಂಬಾಸಿಡರ್ ಕಾರು ಅಂದುಕೊಳ್ಳಿ. ಚಂದ ಅಂತ ಯಾರೂ ಹೇಳುವುದಿಲ್ಲ, ಗಟ್ಟಿ ಅಂತ ಎಲ್ಲರೂ ಹೇಳುತ್ತಾರೆ. ಇದರ ವಿಶೇಷ ಇರುವುದು ತಳದಲ್ಲಿ. ಹಾಯಿದೋಣಿ ಗಾಳಿಗೆ ಮಗುಚದ ಹಾಗೆ, ಪಕ್ಕಕ್ಕೆ ಜಾರದ ಹಾಗೆ ಹಿಡಿಯಲು ಅಡಿಯಲ್ಲಿ ಕೀಲ್ ಅಂತ ಒಂದು ಭಾರದ ರೆಕ್ಕೆ ಇರುತ್ತದೆ. ಬೇರೆ ದೋಣಿಗಳಿಗೆ ಅದು ನಡುವೆ ಒಂದು. ಇದಕ್ಕೆ ಎಡಕ್ಕೊಂದು, ಬಲಕ್ಕೊಂದು. ನೀರು ಇಳಿದುಹೋದರೆ ಬೇರೆ ದೋಣಿ ಪಕ್ಕಕ್ಕೆ ವಾಲಿ ಬೀಳುತ್ತದೆ. ಇದು ಕೆಸರಲ್ಲಿ ಎಮ್ಮೆ ನಿಂತ ಹಾಗೆ ನೆಟ್ಟಗೆ ನಿಂತಿರುತ್ತದೆ. ಗಂಗೊಳ್ಳಿಯ ಅನುಭವ ಇದ್ದವನು ಇನ್ನೇನು ತಗೊಳ್ತಾನೆ ಹೇಳಿ?

ದೋಣಿ ಕಟ್ಟುವ ಜಾಗಕ್ಕೆ ಇಲ್ಲಿ ಉದ್ದದ ಲೆಕ್ಕದಲ್ಲಿ ಬಾಡಿಗೆ. ಬಿಲ್ಲು ಬಂದಾಗಲೆಲ್ಲ ಮನೆಯಲ್ಲಿ ಒಂದೇ ಮಾತು: "ಸೈಟು ಅಂದ್ರೆ ಉದ್ದ ಅಗಲ ಎರಡೂ ಇರುತ್ತೆ. ಇದು ಬರೀ ಉದ್ದ. ಅದೂ ನೀರ ಮೇಲೆ. ಖಾತೆನೂ ಆಗಲ್ಲ."

ಕಳೆದ ಬೇಸಿಗೆಯಲ್ಲಿ ಅತ್ತೆ ಮಾವ ಬೆಂಗಳೂರಿನಿಂದ ಬಂದರು. ಮಾವ 34 ವರ್ಷ ನೀರು ಸರಬರಾಜಿನ ಕೆಲಸ ಮಾಡಿ ನಿವೃತ್ತರಾದವರು. ಯಾವ ಬೀದಿಯ ವಾಲ್ವ್ ಎಷ್ಟು ಸುತ್ತು ತಿರುಗಿಸಬೇಕು ಅನ್ನುವುದು ಈಗಲೂ ಬಾಯಿಪಾಠ. ದೋಣಿ ಹತ್ತಿದವರೇ ಸುತ್ತಲಿನ ನೋಟ ನೋಡಲಿಲ್ಲ. ಒಳಗೆ ಇಳಿದು ಪೈಪು ನೋಡಿದರು. ದೋಣಿಯ ಹೊಟ್ಟೆಗೆ ತೂತು ಕೊರೆದು ವಾಲ್ವ್ ಕೂರಿಸಿರುತ್ತಾರೆ. ಟಾಯ್ಲೆಟ್ಟಿಗೆ ಎರಡು, ಸಿಂಕಿಗೆ ಒಂದು, ಇಂಜಿನ್ ತಂಪಾಗಿಡಲು ಸಮುದ್ರದ ನೀರು ಎಳೆದುಕೊಳ್ಳುವುದಕ್ಕೆ ಒಂದು. "ತೂತು ಕೊರೆದ ದೋಣೀಲಿ ನಮ್ಮನ್ನ ಕರ್ಕೊಂಡು ಹೋಗ್ತಾ ಇದೀರಲ್ಲ ಅಳಿಯಂದ್ರೇ" ಅಂದರು. ಆದರೆ ಅವರ ಮುಖದಲ್ಲಿ ತವರಿಗೆ ಬಂದ ಕಳೆ ಇತ್ತು.

ಅತ್ತೆಯದು ಬೇರೆ ಚಿಂತೆ. ಹೊಸ ವಾಹನ ಅಂದ ಮೇಲೆ ಪೂಜೆ ಆಗಬೇಕಲ್ಲ. ವಾಹನ 1974ರದ್ದು ಅಂದೆ, ಕೇಳಲಿಲ್ಲ. ಚುಕ್ಕಾಣಿಗೆ ಅರಿಶಿನ ಕುಂಕುಮ ಹಚ್ಚಿದರು, ಊದುಬತ್ತಿ ಬೆಳಗಿದರು. ಆಮೇಲೆ ಎರಡು ನಿಂಬೆಹಣ್ಣು ಕೈಯಲ್ಲಿ ಹಿಡಿದು ಸುತ್ತ ನೋಡಿದರು. "ಚಕ್ರ ಎಲ್ಲಿ?" ಚಕ್ರ ಇಲ್ಲ. ಹತ್ತಿಸಿಕೊಂಡು ಹೋಗುವ ಹಾಗಿಲ್ಲ. ನಿಂಬೆಹಣ್ಣು ಅವರ ಚೀಲದೊಳಗೆ, ಪುಳಿಯೋಗರೆ ಡಬ್ಬಿಯ ಪಕ್ಕ ಉಳಿಯಿತು.

ಹುಣ್ಣಿಮೆಯಾಗಿ ಎರಡು ದಿನ. ಉಬ್ಬರ ಇಳಿತ ಎರಡೂ ಜೋರಾಗಿರುವ ಕಾಲ. ಊಟದ ಹೊತ್ತಿಗೆ ಹ್ಯಾಂಬಲ್ ನದಿಯಿಂದ ಹೊರಟೆವು. ಎದುರು ವೈಟ್ ದ್ವೀಪದ ಕೌಸ್ ಊರು. ಅಲ್ಲಿ ಐಸ್‌ಕ್ರೀಮ್ ತಿಂದು ಬರುವುದು, ಅಷ್ಟೇ ಕಾರ್ಯಕ್ರಮ. ನದಿ ದಾಟಿದ ಮೇಲೆ ಗಾಳಿ ಸಿಕ್ಕಿತು. ಇಂಜಿನ್ ನಿಲ್ಲಿಸಿದೆ. ಹಾಯಿ ಏರಿಸಿದೆ. ದೋಣಿ ಒಂಚೂರು ವಾಲಿ, ನೀರು ಪಕ್ಕದಲ್ಲಿ ಗುಳುಗುಳು ಅನ್ನತೊಡಗಿತು. ಬಂದಾಗಿನಿಂದ ಮಾತು ನಿಲ್ಲಿಸದ ಅತ್ತೆ ಮಾತು ನಿಲ್ಲಿಸಿದರು. ಸ್ವಲ್ಪ ಹೊತ್ತಾದ ಮೇಲೆ, "ಪೆಟ್ರೋಲೇ ಹಾಕ್ದೆ ಹೋಗ್ತಾ ಇದೆ, ಅಲ್ವಾ?" ಅಂದರು. ನನಗೆ ಗಂಟಲು ಕಟ್ಟಿತು. ಇಷ್ಟು ವರ್ಷದಲ್ಲಿ ನನ್ನ ಸಂಸಾರದ ಕಡೆಯಿಂದ ದೋಣಿಗೆ ಸಿಕ್ಕ ಮೊದಲ ಒಳ್ಳೆ ಮಾತು.

ಅರ್ಧ ಗಂಟೆಗೆ ಗಾಳಿ ಸತ್ತಿತು. ಹಾಯಿ ಒಣಹಾಕಿದ ಬೆಡ್‌ಶೀಟಿನ ಥರ ಜೋತುಬಿತ್ತು. ಇಂಜಿನ್ ಹಾಕಿದೆ. ಐದು ನಿಮಿಷಕ್ಕೆ ಕಿವಿ ಕಿತ್ತುಹೋಗುವ ಹಾಗೆ ಪೀ ಅಂತ ಕೂಗಿಕೊಂಡಿತು. ಇಂಜಿನ್ ಕಾದು ಕೆಂಡ. ನಿಲ್ಲಿಸಿದೆ. ಇಳಿತದ ಸೆಳೆತ ನಮ್ಮನ್ನು ಪಡುವಣಕ್ಕೆ ಎಳೆಯುತ್ತಿತ್ತು. ಆಳ ತೋರಿಸುವ ಮೀಟರ್ ನೋಡಿದೆ. 2.1. 1.7. ಓಡಿಹೋಗಿ ಲಂಗರು ಬಿಟ್ಟೆ. ಲಂಗರು ಗಟ್ಟಿಯಾಗಿ ಹಿಡಿಯಿತು. ನನ್ನ ಜನ್ಮದಲ್ಲಿ ಒಂದೇ ಏಟಿಗೆ ಲಂಗರು ಹಿಡಿದದ್ದು ಅದೇ ಮೊದಲು. ಹಿಡಿದ ಜಾಗ ಬ್ರಾಂಬಲ್ ದಿಬ್ಬ.

ಬ್ರಾಂಬಲ್ ಅಂದರೆ ಸೊಲೆಂಟ್ ಜಲಸಂಧಿಯ ನಡುವೆ ನೀರಡಿಯಲ್ಲಿರುವ ಮರಳು ದಿಬ್ಬ. ನಮ್ಮ ಕುದ್ರುಗಳ ದೂರದ ದಾಯಾದಿ. ತೀರಾ ದೊಡ್ಡ ಇಳಿತದ ದಿನ ಮಾತ್ರ ಸ್ವಲ್ಪ ಹೊತ್ತು ಬೆನ್ನು ತೋರಿಸುತ್ತದೆ. ವರ್ಷಕ್ಕೊಂದು ದಿನ ಅಷ್ಟರೊಳಗೆ ಎರಡು ಯಾಟ್ ಕ್ಲಬ್ಬಿನವರು ಬಿಳಿ ಬಟ್ಟೆ ತೊಟ್ಟು ಅದರ ಮೇಲೆ ಕ್ರಿಕೆಟ್ ಆಡಿ ಮುಗಿಸುತ್ತಾರೆ. ಯಾರು ಗೆಲ್ಲಬೇಕು ಅನ್ನುವುದು ಸರದಿ ಪ್ರಕಾರ ಮೊದಲೇ ತೀರ್ಮಾನ. ಇಂಗ್ಲಿಷರ ಬಗ್ಗೆ ನನಗೆ ಗೌರವ ಹುಟ್ಟಿಸಿದ ಕೆಲವೇ ಸಂಗತಿಗಳಲ್ಲಿ ಇದೂ ಒಂದು.

0.9. ಕೀಲ್ ಎರಡೂ ಮರಳಿಗೆ ತಾಗಿ ಕರ್ ಅಂದವು. ಎಮ್ಮೆ ನಿಂತಿತು.

ನಾನು ಎಲ್ಲರಿಗೂ ಧೈರ್ಯ ಹೇಳಿದೆ. ಕ್ವೀನ್ ಎಲಿಜಬೆತ್ 2 ಹಡಗು 2008ರಲ್ಲಿ ಕೊನೇ ಸಲ ಸೌತಾಂಪ್ಟನ್ನಿಗೆ ಬರುವಾಗ ಇಲ್ಲೇ ಆಸುಪಾಸಿನಲ್ಲಿ ಮರಳಿಗೆ ಕಚ್ಚಿಕೊಂಡಿತ್ತು. 2015ರಲ್ಲಿ 1400 ಕಾರು ತುಂಬಿದ್ದ ಹಡಗು ವಾಲಿ, ಹಿಡಿತ ತಪ್ಪಿ, ತೇಲುತ್ತಾ ಬಂದು ಇದೇ ದಿಬ್ಬಕ್ಕೆ ಹತ್ತಿಕೊಂಡಿತ್ತು. ದೊಡ್ಡ ದೊಡ್ಡವರೇ ನಿಂತ ಜಾಗ. ಹೆಂಡತಿ ಇದನ್ನೆಲ್ಲ ಕೇಳಿಸಿಕೊಂಡು, ಹನುಮಂತನಗರದಲ್ಲಿ ಬಿಂದಿಗೆ ಸಾಲಿಟ್ಟು ಬೆಳೆದ ಹುಡುಗಿ, ಒಂದೇ ಪ್ರಶ್ನೆ ಕೇಳಿದಳು.

"ನೀರು ಎಷ್ಟು ಗಂಟೆಗೆ ಬರುತ್ತೆ?"

"ಏಳೂವರೆಗೆ."

"ಗ್ಯಾರಂಟಿನಾ?"

ಒಳಗೆ ಹೋಗಿ ಇಂಜಿನ್ ಪೆಟ್ಟಿಗೆ ತೆಗೆದೆ. ತಣ್ಣೀರಿನ ವಾಲ್ವಿನ ಹಿಡಿ ಅಡ್ಡಕ್ಕೆ ತಿರುಗಿತ್ತು. ಅಂದರೆ ಬಂದ್. ನಾನು ಅದನ್ನೇ ನೋಡುತ್ತಾ ಕೂತಿರುವಾಗ ಹಿಂದಿನಿಂದ ಮಾವನ ದನಿ. "ನಾನೇ ಬಂದ್ ಮಾಡಿದ್ದು ಅಳಿಯಂದ್ರೇ. ಇಂಜಿನ್ ನಿಂತಿದೆ, ನೀರು ಯಾರೂ ಬಳಸ್ತಿಲ್ಲ, ಮೇನ್ ವಾಲ್ವ್ ತೆರೆದೇ ಬಿಟ್ಟಿದ್ರಿ. ಸಣ್ಣ ಹುಡುಗರ ಕೆಲಸ ಅದು." ಏನು ಹೇಳಲಿ? ಅಳಿಯನಾದವನು ಇಂಥ ಹೊತ್ತಲ್ಲಿ ಏನು ಹೇಳಬೇಕು ಅಂತ ಯಾವ ಶಾಸ್ತ್ರದಲ್ಲೂ ಬರೆದಿಲ್ಲ. "ಥ್ಯಾಂಕ್ಸ್ ಮಾವ" ಅಂದೆ.

ಕರಾವಳಿ ಕಾವಲಿನವರಿಗೆ ರೇಡಿಯೋದಲ್ಲಿ ಒಂದು ಮಾತು ತಿಳಿಸುವುದು ವಾಡಿಕೆ. ಇಲ್ಲದಿದ್ದರೆ ದಡದಿಂದ ನೋಡಿದವರು ಯಾರೋ ಗಾಬರಿಯಾಗಿ ಫೋನ್ ಮಾಡುತ್ತಾರೆ. ಮೈಕ್ ತೆಗೆದುಕೊಂಡೆ. ಆ ಕಡೆಯ ಹೆಂಗಸು ದೋಣಿಯ ಹೆಸರು ಕೇಳಿದರು. ಹೆಸರಿಡುವಾಗ ನನಗೆ ಊರಿನ ನೆನಪು ಉಕ್ಕಿ ಬಂದಿತ್ತು. ರೇಡಿಯೋದ ನೆನಪು ಬಂದಿರಲಿಲ್ಲ.

"ಪಂಚಗಂಗಾವಳಿ."

"ಸ್ಪೆಲ್ ಮಾಡಿ, ಪ್ಲೀಸ್."

ಇಂಗ್ಲಿಷಿನಲ್ಲಿ 15 ಅಕ್ಷರ. ರೇಡಿಯೋದಲ್ಲಿ ಒಂದೊಂದು ಅಕ್ಷರಕ್ಕೂ ಒಂದೊಂದು ಪದ ಹೇಳಬೇಕು. "ಪಾಪಾ, ಆಲ್ಫಾ, ನವೆಂಬರ್, ಚಾರ್ಲಿ, ಹೋಟೆಲ್, ಆಲ್ಫಾ, ಗಾಲ್ಫ್..." ಅರ್ಧಕ್ಕೆ ಬಂದಿದ್ದೆ. ಅತ್ತೆ ಮಗಳ ಕಿವಿಯಲ್ಲಿ, ನನಗೂ ಕಾವಲಿನವರಿಗೂ ಚೆನ್ನಾಗಿ ಕೇಳಿಸುವ ಹಾಗೆ ಪಿಸುಗುಟ್ಟಿದರು: "ಹೋಟೆಲ್ ಬುಕ್ ಮಾಡ್ತಾ ಇದಾರೇನೇ? ಗಾಲ್ಫ್ ಎಲ್ಲಾ ಇರೋ ದೊಡ್ಡದು ಬೇಡ ಅಂತ ಹೇಳು. ನವೆಂಬರ್ ತನಕ ನಾವಿರಲ್ಲ." ನಾನು ಲೆಕ್ಕ ತಪ್ಪಿ ಮತ್ತೆ ಪಾಪಾದಿಂದ ಶುರು ಮಾಡಿದೆ. ಯಾರಿಗಾದರೂ ಅಪಾಯ ಇದೆಯೇ ಅಂತ ಆಕೆ ಕೇಳಿದರು. ಇಲ್ಲ, ಪುಳಿಯೋಗರೆ ತಿನ್ನುತ್ತಿದ್ದೇವೆ ಅನ್ನಲು ಹೋಗಿ, ಅದನ್ನೂ ಸ್ಪೆಲ್ ಮಾಡಿಸಿಯಾರು ಅಂತ ಸುಮ್ಮನಾದೆ. ದೋಣಿ ತೇಲಿದ ಮೇಲೆ ತಿಳಿಸಿ ಅಂದರು.

ಅಷ್ಟರಲ್ಲಿ ಮಾವ ಶರ್ಟಿನ ತೋಳು ಮಡಚಿದ್ದರು. ಇಂಜಿನ್ನಿಗೆ ನೀರೆತ್ತುವ ಪಂಪಿನೊಳಗೆ ರಬ್ಬರಿನ ಸಣ್ಣ ಚಕ್ರ ಇರುತ್ತದೆ. ಇಂಪೆಲ್ಲರ್. ನೀರಿಲ್ಲದೆ ತಿರುಗಿದರೆ ಅದರ ರೆಕ್ಕೆ ಉದುರಿಹೋಗುತ್ತವೆ. ಬಿಸ್ಕತ್ತಿನ ಡಬ್ಬಿಯಲ್ಲಿ ಹೊಸದೊಂದು ಇತ್ತು. ಮಾವ ಮುಚ್ಚಳದ ಸ್ಕ್ರೂಗಳನ್ನು ಬಿಚ್ಚಿ, ಊಟದ ತಟ್ಟೆಯಲ್ಲಿ ಕ್ರಮವಾಗಿ ಜೋಡಿಸಿದರು. ಹಳೇ ಚಕ್ರ ಹೊರಗೆ ತೆಗೆದು ಉದುರಿದ ಚೂರು ಎಣಿಸಿದರು. ಐದು. "ಇನ್ನೊಂದು ಎಲ್ಲಿ?" ಹೊಸ ಚಕ್ರ ಹಾಕಿ ಕೈ ತೊಳೆದುಕೊಳ್ಳೋಣ ಅಂದೆ. ಅವರು ನನ್ನನ್ನು ಹೊಸದಾಗಿ ಕೆಲಸಕ್ಕೆ ಸೇರಿದವನನ್ನು ನೋಡುವ ಹಾಗೆ ನೋಡಿದರು. ಪೈಪಿನ ಮೈಮೇಲೆ ಬೆರಳಾಡಿಸಿ, ಮೊದಲ ತಿರುವಿನಲ್ಲಿ ನಿಲ್ಲಿಸಿ, "ಇಲ್ಲಿ ಕೂತಿದ್ದಾನೆ" ಅಂದರು. ಬಿಚ್ಚಿದರೆ, ಹೌದು, ಅಲ್ಲೇ ಅಡ್ಡ ಕೂತಿತ್ತು ಆರನೇ ಚೂರು. ಹೊಸ ಚಕ್ರ ಒಳಗೆ ಹೋಗಲು ಒಪ್ಪದಿದ್ದಾಗ ಅತ್ತೆಯ ಕೊಬ್ಬರಿ ಎಣ್ಣೆ ಬಾಟಲಿ ಬಂತು. ಎರಡು ತೊಟ್ಟು ಸವರಿ ತಿರುಗಿಸಿದರು, ಕೂತುಕೊಂಡಿತು. ಕೊನೇ ಬೋಲ್ಟ್ ಬಿಗಿ ಮಾಡುವಾಗ 13 ನಂಬರ್ ಸ್ಪ್ಯಾನರ್ ಕೈಜಾರಿ ತಳಕ್ಕೆ ಬಿತ್ತು. ನಾನು ಬಗ್ಗಿದೆ. "ಬಿಡಿ, ರೈಟ್ ಆಫ್" ಅಂದರು ಮಾವ.

ಆರು ಗಂಟೆಗೆ ಹೊರಗೆ ಬಂದರೆ ಸುತ್ತ ಸಮುದ್ರ, ನಮ್ಮ ಕೆಳಗೆ ಪಾದ ಮುಳುಗುವಷ್ಟು ನೀರು. ಮಾವ ಬಟ್ಟೆ ಮಸಿಯಾಯಿತೆಂದು ಪಂಚೆ ಉಟ್ಟಿದ್ದರು. ಇಳಿಯುತ್ತೇನೆ ಅಂದರು. ಬೇಡ ಅಂದೆವು. ಇಳಿದರು. ಮಗಳು ಅಪ್ಪನ ಸೊಂಟಕ್ಕೆ ಹಗ್ಗ ಕಟ್ಟಿ, ಕರು ಹಿಡಿದ ಹಾಗೆ ತುದಿ ಹಿಡಿದುಕೊಂಡಳು. ಆ ಹೊತ್ತಿಗೆ ಸರಿಯಾಗಿ ಕೌಸಿನ ಫೆರಿ ಹಾದುಹೋಯಿತು. ಪಂಚೆ ಎತ್ತಿ ಕಟ್ಟಿ ಸಮುದ್ರದ ನಡುವೆ ಕೈ ಹಿಂದೆ ಕಟ್ಟಿ ಅಡ್ಡಾಡುತ್ತಿರುವ ಮನುಷ್ಯನನ್ನು ನೋಡಿ ಜನ ಸಾಲಾಗಿ ಕಟಾಂಜನಕ್ಕೆ ಬಂದು ಫೋನ್ ಎತ್ತಿದರು. ಮಾವ ಎಲ್ಲರಿಗೂ ಕೈ ಬೀಸಿದರು.

ಅತ್ತೆ ಬಗ್ಗಿ ದೋಣಿಯ ಅಡಿ ನೋಡಿದರು. "ಇದೇನು, ಎರಡು ಕಾಲಿದೆ! ಬೆಳಿಗ್ಗೆ ಹೇಳಬಾರದಿತ್ತಾ?" ಚೀಲದಿಂದ ನಿಂಬೆಹಣ್ಣು ಬಂದವು. ಮಾವ ಎರಡು ಕೀಲಿನ ಮುಂದೆಯೂ ಮರಳು ಒಂಚೂರು ತೋಡಿ, ಹಣ್ಣು ಕೂರಿಸಿ, ಮೇಲೆ ಬಂದರು.

ನೀರು ಏಳೂಕಾಲಿಗೇ ಬಂತು. ಮೊದಲು ಹಣ್ಣುಗಳು ತೇಲಿದವು, ಒಂದರ ಹಿಂದೆ ಒಂದು, ಕೌಸಿನ ಕಡೆಗೆ. ಆಮೇಲೆ ದೋಣಿ ಒಮ್ಮೆ ಮೈ ಕೊಡವಿತು. ಮಾವ ತಾವೇ ಹೋಗಿ ವಾಲ್ವ್ ತೆರೆದರು. ಇಂಜಿನ್ ಒಂದೇ ಸಲಕ್ಕೆ ಹೊತ್ತಿತು. ಕೊಬ್ಬರಿ ಎಣ್ಣೆಯ ಮಹಿಮೆ ಅಂತ ಅತ್ತೆ ಈಗಲೂ ಹೇಳುತ್ತಾರೆ.

ವಾಪಸ್ ಬರುವಾಗ ಮಾವ ನನ್ನ ಉಬ್ಬರ ಇಳಿತದ ಪುಸ್ತಕ ಕೈಗೆತ್ತಿಕೊಂಡು ಪುಟ ಪುಟ ತಿರುವಿದರು. ಸೌತಾಂಪ್ಟನ್ನಿನಲ್ಲಿ ಉಬ್ಬರ ಬಂದು ಸ್ವಲ್ಪ ಇಳಿದು ಮತ್ತೆ ಏರುತ್ತದೆ ಅಂತ ವಿವರಿಸಿದೆ. ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ ಫೋನ್ ತೆಗೆದು, ಬೆಂಗಳೂರಿನಲ್ಲಿ ನಡುರಾತ್ರಿ ಅನ್ನುವುದನ್ನೂ ಮರೆತು, ತಮ್ಮ ಜೊತೆ ನಿವೃತ್ತರಾದವರ ಗುಂಪಿಗೆ ಒಂದು ವಾಯ್ಸ್ ಮೆಸೇಜ್ ಕಳಿಸಿದರು.

"ಕೇಳ್ರಪ್ಪಾ ಇಲ್ಲಿ. ಈ ಊರಲ್ಲಿ ದಿನಕ್ಕೆ ಎರಡು ಸಲ ನೀರು ಬಿಡ್ತಾರೆ. ಮಧ್ಯ ಎಕ್ಸ್‌ಟ್ರಾ ಸಪ್ಲೈ ಬೇರೆ. ವರ್ಷ ಪೂರ್ತಿ ಟೈಮ್‌ಟೇಬಲ್ ಮೊದಲೇ ಪ್ರಿಂಟ್ ಮಾಡಿ ಇಟ್ಟಿದಾರೆ ಕಣ್ರೋ!"