ಒಂದು ಗಂಟೆಯಲ್ಲಿ ಮುಗಿಯದ ಸಂಗೀತ

ಈ ಬೇಸಿಗೆ ಪೂರ್ತಿ ಬರ್ಲಿನ್, ಆಮ್‌ಸ್ಟರ್‌ಡ್ಯಾಮ್, ಬಾರ್ಸಿಲೋನಾ, ಸ್ಪೇನಿನ ಇಬಿಝಾ ದ್ವೀಪ, ಲಂಡನ್ ಅಂತ ಕುಣಿಯುತ್ತಾ ಸುತ್ತಿದ್ದು ನಿಜ. ಫೋಟೋ ಹಾಕಿದ್ದು ಕಡಿಮೆ, ಯಾಕೆ ಅಂತ ಆಮೇಲೆ ಹೇಳುತ್ತೇನೆ. ಇನ್‌ಬಾಕ್ಸ್‌ಗೆ ಬಂದವರೆಲ್ಲರ ಪ್ರಶ್ನೆ ಒಂದೇ, ಯಾವ ಫೆಸ್ಟಿವಲ್ ಚೆನ್ನಾಗಿತ್ತು ಅಂತ. ನನ್ನ ಉತ್ತರ ಬಹಳ ಜನಕ್ಕೆ ರುಚಿಸುತ್ತಿಲ್ಲ. ಹೌಸ್, ಟೆಕ್ನೋ ಅಂದರೆ ಮೆಷಿನ್ ಬೀಟಿಗೆ ಕುಣಿಯುವ ಕ್ಲಬ್ ಸಂಗೀತ. ಅದನ್ನು ಕೇಳುವುದಕ್ಕೆ ದೊಡ್ಡ ಫೆಸ್ಟಿವಲ್ ಸರಿಯಾದ ಜಾಗವೇ ಅಲ್ಲ. ಅಲ್ಲಿ ಲೈಟು, ಬೆಂಕಿ, ಮನೆಯೆತ್ತರದ ಸ್ಕ್ರೀನು ಎಲ್ಲಾ ಇರುತ್ತೆ. ಟೈಮು ಮಾತ್ರ ಇರುವುದಿಲ್ಲ.

ಟೈಮು ಯಾಕೆ ಬೇಕು? ಒಂದು ಹೌಸ್ ಟ್ರ್ಯಾಕ್ ತಗೊಳ್ಳಿ. ನಿಮಿಷಕ್ಕೆ 125 ಬೀಟ್ ಅಂದುಕೊಳ್ಳೋಣ. ಪ್ರತಿ ಬೀಟಿಗೂ ಕಿಕ್ ಡ್ರಮ್ಮಿನ 'ಧಂ', ಎರಡನೆಯದಕ್ಕೂ ನಾಲ್ಕನೆಯದಕ್ಕೂ ಚಪ್ಪಾಳೆಯಂಥ ಸದ್ದು, ನಡುನಡುವೆ ಹೈ-ಹ್ಯಾಟ್ ಅನ್ನೋ ತಾಳದ 'ಟ್ಸ್' ಸದ್ದು. ನಾಲ್ಕು ಬೀಟು ಸೇರಿದರೆ ಒಂದು ಬಾರ್. 32 ಬಾರ್ ಅಂದರೆ 128 ಬೀಟು, ಅಂದರೆ ಒಂದು ನಿಮಿಷಕ್ಕಿಂತ ಚೂರು ಜಾಸ್ತಿ. ಅಷ್ಟು ಹೊತ್ತಿನಲ್ಲಿ ಬದಲಾಗುವುದು ಒಂದೋ ಎರಡೋ ಸಂಗತಿ. ಹೊಸದಾಗಿ ಕೇಳುವವರಿಗೆ 'ಏನಿದು, ಅದನ್ನೇ ಹೊಡೀತಾ ಇದಾರೆ' ಅನ್ನಿಸುತ್ತದೆ. ಹೌದು, ಅದನ್ನೇ ಹೊಡೆಯುತ್ತಿದ್ದಾರೆ. ಸ್ವಲ್ಪ ಹೊತ್ತು ಅಲ್ಲೇ ನಿಂತರೆ ಕಿವಿ ತಾನಾಗಿ ಚುರುಕಾಗುತ್ತದೆ. ಆಗ ಎಲ್ಲಿಂದಲೋ ಒಂದು ಸಣ್ಣ ಶೇಕರ್ ಒಳಗೆ ಬಂದರೂ ಮೈ ಜುಂ ಅನ್ನುತ್ತದೆ. ಆ ಚುರುಕು ಬರುವ ಮೊದಲೇ ಎದ್ದು ಬೇರೆ ಸ್ಟೇಜಿಗೆ ಓಡಿದರೆ ಸಿಗುವುದು ಬರೀ ಸದ್ದು.

ಬರ್ಲಿನ್ನಿನ ಒಂದು ನೆಲಮಾಳಿಗೆ ಕ್ಲಬ್ಬಿನಲ್ಲಿ ಡಿಜೆ ಬೂತಿನ ಪಕ್ಕದಲ್ಲೇ ನಿಲ್ಲೋಕೆ ಜಾಗ ಸಿಕ್ಕಿತ್ತು. ಆಗಿನ್ನೂ ಬಾಗಿಲು ತೆರೆದು ಸ್ವಲ್ಪ ಹೊತ್ತಾಗಿತ್ತು, ಒಳಗೆ ಜನ ಕಡಿಮೆ. ನುಡಿಸುತ್ತಿದ್ದ ಹುಡುಗಿ ಆ ಕ್ಲಬ್ಬಿನದೇ ರೆಸಿಡೆಂಟ್ ಡಿಜೆ, ಅಂದರೆ ಅಲ್ಲೇ ಕಾಯಂ ಆಗಿ ನುಡಿಸುವವಳು. ಪೋಸ್ಟರಿನ ಕೊನೇ ಸಾಲಿನಲ್ಲಿ ಅವಳ ಹೆಸರು. ಎರಡು ಟ್ರ್ಯಾಕ್ ಜೊತೆಯಲ್ಲಿ ಓಡುತ್ತಿದ್ದವು. ಎರಡರ ಬೇಸೂ, ಅಂದರೆ ತಳದ ದಪ್ಪ ಸದ್ದು, ಒಟ್ಟಿಗೆ ಬಂದರೆ ಕಲಸುಮೇಲೋಗರ ಆಗುತ್ತದೆ. ಅದಕ್ಕೇ ಹೊಸದರ ಬೇಸ್ ನಾಬನ್ನು ಪೂರ್ತಿ ಇಳಿಸಿ ಇಟ್ಟಿದ್ದಳು. ಮೇಲಿನ ಸದ್ದು ಮಾತ್ರ ಹಳೆಯದರ ಜೊತೆ ಬೆರೆಯುತ್ತಾ ಹೋಯಿತು. ಒಂದು ಕಿವಿಗೆ ಹೆಡ್‌ಫೋನ್, ಇನ್ನೊಂದು ಕಿವಿ ರೂಮಿಗೆ. ಕಾದಳು, ಕಾದಳು. ಇನ್ನೇನು ಮಾಡುತ್ತಾಳೆ ಅಂದುಕೊಂಡಾಗಲೂ ಮಾಡಲಿಲ್ಲ, ಇನ್ನೊಂದು ಸುತ್ತು ಬಿಟ್ಟಳು. ಆಮೇಲೆ ಬಾರ್ ತಿರುಗುವ ಹೊತ್ತಿಗೆ ಸರಿಯಾಗಿ ಎಡಗೈ ಒಂದು ನಾಬನ್ನು ಇಳಿಸಿತು, ಬಲಗೈ ಇನ್ನೊಂದನ್ನು ಏರಿಸಿತು. ಯಾರೂ ತಲೆಯೆತ್ತಿ ನೋಡಲಿಲ್ಲ, ಆದರೆ ಅಲ್ಲಿದ್ದಷ್ಟೂ ಜನರ ಮಂಡಿ ಒಂದೇ ಸಲಕ್ಕೆ ಬಗ್ಗಿತು. ಇಡೀ ಬೇಸಿಗೆಯಲ್ಲಿ ನಾನು ಕಂಡ ಅತ್ಯುತ್ತಮ ಕೈಚಳಕ ಅದು. ಅದರ ವಿಡಿಯೋ ನನ್ನ ಹತ್ತಿರ ಇಲ್ಲ. ಇದ್ದರೂ ಅದರಲ್ಲಿ ಏನೂ ಕಾಣುತ್ತಿರಲಿಲ್ಲ.

ಈಗ ಫೆಸ್ಟಿವಲ್ ಲೆಕ್ಕ ನೋಡಿ. ಒಬ್ಬ ಡಿಜೆಗೆ ಸಿಗುವುದು ಒಂದು ಗಂಟೆ, ಹೆಚ್ಚೆಂದರೆ ಒಂದೂವರೆ. ಟ್ರ್ಯಾಕುಗಳು ಆರೇಳು ನಿಮಿಷದವು. ಮಿಕ್ಸಿಂಗಿಗೆ ಒಂದೆರಡು ನಿಮಿಷ ಕಳೆದರೆ ಹತ್ತು ಹನ್ನೆರಡು ಟ್ರ್ಯಾಕಿಗೆ ಆಟ ಮುಗೀತು. ಮುಂಚೆ ನುಡಿಸಿದವನು ಆಗಲೇ 145ರ ವೇಗದಲ್ಲಿ ಬಿಟ್ಟು ಹೋಗಿರುತ್ತಾನೆ. ನಿಧಾನವಾಗಿ ಶುರು ಮಾಡಿದರೆ ಜನ ಪಕ್ಕದ ಸ್ಟೇಜಿಗೆ ನಡೆಯುತ್ತಾರೆ. ಹಾಗಾಗಿ ಎಲ್ಲರೂ ತಮ್ಮ ಹತ್ತಿರ ಇರುವ ಅತಿ ಜೋರಿನದನ್ನೇ ಮೊದಲ ಐದು ನಿಮಿಷದಲ್ಲಿ ಬಿಡುತ್ತಾರೆ. ಮಧ್ಯಾಹ್ನದಿಂದ ರಾತ್ರಿಯವರೆಗೆ ಅದೇ ಕಥೆ. ಎಲೆ ತುಂಬಾ ಉಪ್ಪಿನಕಾಯಿಯನ್ನೇ ಬಡಿಸಿದ ಹಾಗೆ. ಡಿಜೆಗಳನ್ನು ಬೈಯುವುದಕ್ಕೆ ಮನಸ್ಸಿಲ್ಲ. ಅದೇ ಮನುಷ್ಯ ಕ್ಲಬ್ಬಿನಲ್ಲಿ ಐದು ಗಂಟೆ ನುಡಿಸಿದ್ದನ್ನು ಕೇಳಿದ್ದೇನೆ, ಬೇರೆಯೇ ವ್ಯಕ್ತಿ ಅನ್ನಿಸುತ್ತಿತ್ತು.

ಈ ಸಂಗೀತ ಹುಟ್ಟಿದ್ದೇ ಇಡೀ ರಾತ್ರಿಗಳಲ್ಲಿ. 1977ರಲ್ಲಿ ಶಿಕಾಗೋದಲ್ಲಿ ವೇರ್‌ಹೌಸ್ ಕ್ಲಬ್ ಶುರುವಾದಾಗ ಅಲ್ಲಿ ನುಡಿಸಿದ್ದು ಫ್ರ್ಯಾಂಕಿ ನಕಲ್ಸ್. ಬಂದವರಲ್ಲಿ ಹೆಚ್ಚಿನವರು ಕಪ್ಪು ಮತ್ತು ಲ್ಯಾಟಿನೋ ಗೇ ಯುವಕರು, ಬೇರೆ ಕಡೆ ಬಾಗಿಲು ಮುಚ್ಚಿಸಿಕೊಂಡವರು. ಡೆಟ್ರಾಯಿಟಿನಲ್ಲಿ ಹುವಾನ್ ಆಟ್ಕಿನ್ಸ್, ಡೆರಿಕ್ ಮೇ, ಕೆವಿನ್ ಸಾಂಡರ್ಸನ್ ಟೆಕ್ನೋ ಕಟ್ಟಿದರು. ರೋಲ್ಯಾಂಡ್ ಕಂಪನಿ 1983ರಲ್ಲಿ ತಂದ ಟಿಆರ್-909 ಡ್ರಮ್ ಮೆಷಿನ್ ಮಾರುಕಟ್ಟೆಯಲ್ಲಿ ಸೋತು, ಸೆಕೆಂಡ್ ಹ್ಯಾಂಡ್ ಅಂಗಡಿ ಸೇರಿತ್ತು. ಕೈಯಲ್ಲಿ ಕಾಸಿಲ್ಲದ ಹುಡುಗರಿಗೆ ಸಿಕ್ಕಿದ್ದು ಅದೇ. ಇವತ್ತಿಗೂ ಟೆಕ್ನೋ ಅಂದ ಕೂಡಲೇ ಎದೆಗೆ ಬಡಿಯುವ ಆ ಕಿಕ್ಕು ಎಷ್ಟೋ ಸಲ ಅದರದ್ದೇ. ಬರ್ಲಿನ್ ಗೋಡೆ ಬಿದ್ದ ಮೇಲೆ, 1991ರಲ್ಲಿ, ಹಳೇ ವೆರ್ಟ್‌ಹೈಮ್ ಡಿಪಾರ್ಟ್‌ಮೆಂಟ್ ಸ್ಟೋರಿನ ಕೆಳಗಿದ್ದ ತಿಜೋರಿ ಕೋಣೆಯಲ್ಲಿ ಟ್ರೆಸೋರ್ ಕ್ಲಬ್ ತೆರೆಯಿತು. ಡೆಟ್ರಾಯಿಟಿನವರು ಅಲ್ಲಿಗೆ ಬಂದು ನುಡಿಸಿದರು. 2007ರಿಂದ ಟ್ರೆಸೋರ್ ಇರುವುದು ಹಳೇ ವಿದ್ಯುತ್ ಸ್ಥಾವರದ ಕಟ್ಟಡದಲ್ಲಿ. ತಗ್ಗು ಸೂರು, ಕತ್ತಲು, ಹೊಗೆ. ಪಕ್ಕದಲ್ಲಿ ನಿಂತವರ ಮುಖ ಕಾಣದು, ಡಿಜೆಯ ಮುಖವಂತೂ ಬೇಕಾಗಿಯೇ ಇಲ್ಲ.

ಫೋಟೋ ವಿಷಯ ಹೇಳುತ್ತೇನೆ ಅಂದಿದ್ದೆ ಅಲ್ವಾ. ಬರ್ಲಿನ್ನಿನ ಬೆರ್ಗ್‌ಹೈನ್‌ನಂಥ ಕ್ಲಬ್ಬುಗಳಲ್ಲಿ ಬಾಗಿಲಲ್ಲೇ ಫೋನಿನ ಕ್ಯಾಮೆರಾ ಮೇಲೆ ಸ್ಟಿಕರ್ ಅಂಟಿಸುತ್ತಾರೆ. ಅಲ್ಲಿ ನೋಡುವುದಕ್ಕೂ ನೋಡಿಸಿಕೊಳ್ಳುವುದಕ್ಕೂ ಯಾರೂ ಬಂದಿರುವುದಿಲ್ಲ. ಇದೇ ಬೇಸಿಗೆಯಲ್ಲಿ ಒಂದು ದೊಡ್ಡ ಫೆಸ್ಟಿವಲ್ಲಿಗೂ ಹೋದೆ, ಹೆಸರು ಬೇಡ. ಡ್ರಾಪ್, ಅಂದರೆ ತಡೆದಿಟ್ಟ ಬೀಟು ಒಮ್ಮೆಲೇ ಧುಮುಕುವ ಗಳಿಗೆ, ಬರುತ್ತೆ ಅಂತ ಗೊತ್ತಾದ ಕೂಡಲೇ ಸಾವಿರಾರು ಕೈ ಮೇಲೆ. ಕುಣಿಯೋಕಲ್ಲ, ರೆಕಾರ್ಡ್ ಮಾಡೋಕೆ. ಡ್ರಾಪ್ ಬಂದಾಗ ಫೋನ್ ಅಲ್ಲಾಡಬಾರದಲ್ಲ, ಹಾಗಾಗಿ ಎಲ್ಲರೂ ಕಂಬದ ಹಾಗೆ ನಿಂತಿದ್ದರು.

ಎಲ್ಲಾ ಫೆಸ್ಟಿವಲ್ಲೂ ಹೀಗೇ ಅಂತ ಹೇಳಿದರೆ ಸುಳ್ಳಾಗುತ್ತದೆ. ಆಗಸ್ಟ್ ಶುರುವಿನಲ್ಲಿ ಆಮ್‌ಸ್ಟರ್‌ಡ್ಯಾಮ್‌ ಪಕ್ಕದ ಕಾಡಿನಂಥ ಪಾರ್ಕಿನಲ್ಲಿ ನಡೆಯುವ ಡೆಕ್‌ಮ್ಯಾಂಟೆಲ್ ನನಗೆ ಬಹಳ ಇಷ್ಟ. ಮರಗಳ ಮಧ್ಯೆ ಸಣ್ಣ ಸ್ಟೇಜುಗಳು, ರೆಕಾರ್ಡ್ ಹುಡುಕಿ ಹುಡುಕಿ ಸಂಗ್ರಹಿಸುವ ಡಿಜೆಗಳು, ಒಳ್ಳೇ ಸೌಂಡು. 1994ರಿಂದ ಬಾರ್ಸಿಲೋನಾದಲ್ಲಿ ನಡೆಯುತ್ತಿರುವ ಸೋನಾರ್‌ನಲ್ಲಿ ಹಗಲಿನ ಕಾರ್ಯಕ್ರಮ ಬೇರೆ, ರಾತ್ರಿಯದು ಬೇರೆ. ಹಗಲಿನದು ಕುತೂಹಲಕ್ಕೆ ಚೆನ್ನ, ರಾತ್ರಿಯದು ವಿಮಾನ ನಿಲ್ಲಿಸುವಷ್ಟು ದೊಡ್ಡ ಹಾಲು, ನನಗೆ ಸುಸ್ತು. ಬಯಲಲ್ಲಿ ಇನ್ನೊಂದು ತೊಂದರೆ ಗಾಳಿ. ಗಾಳಿ ತಿರುಗಿದರೆ ಹೈ-ಹ್ಯಾಟ್ ಎತ್ತಲೋ ಹೋಗುತ್ತದೆ, ಬೇಸ್ ಮಾತ್ರ ಊರಾಚೆಯ ಮನೆಗಳವರೆಗೂ ತಲುಪುತ್ತದೆ. ಅವರ ದೂರು ಬರುತ್ತದೆ, ಸೌಂಡ್ ಇಳಿಯುತ್ತದೆ.

ಇಬಿಝಾ ಬಗ್ಗೆ ಜಾಸ್ತಿ ಬರೆಯೋಲ್ಲ. ಏರ್‌ಪೋರ್ಟ್ ಪಕ್ಕದ ಡಿಸಿ-10 ಕ್ಲಬ್ಬಿನಲ್ಲಿ 1999ರಿಂದ ನಡೆಯುತ್ತಿರುವ ಸೋಮವಾರದ ಸರ್ಕೋಲೋಕೋ ಪಾರ್ಟಿಗೆ ಈಗಲೂ ಒಂದು ಒರಟು ಚೆಂದ ಇದೆ. ಉಳಿದಂತೆ ಕೆಲವು ಕಡೆ ವಿಐಪಿ ಟೇಬಲ್ಲುಗಳು ಡ್ಯಾನ್ಸ್ ಫ್ಲೋರನ್ನೇ ನುಂಗಿವೆ. ದುಡ್ಡು ಕೊಟ್ಟು ಕೂರುವವರಿಗೆ ಮುಂದಿನ ಜಾಗ, ಕುಣಿಯುವವರಿಗೆ ಗೋಡೆ ಪಕ್ಕ.

ನನಗೆ ನಿಜವಾಗಿ ಸಿಟ್ಟು ಬರುವುದು ದುಡ್ಡಿನ ವ್ಯವಹಾರಕ್ಕೆ. ಒಬ್ಬ ಡಿಜೆಯನ್ನು ವರ್ಷಗಟ್ಟಲೆ ಖಾಲಿ ಫ್ಲೋರಿನಲ್ಲಿ ನುಡಿಸಿ ಬೆಳೆಸುವುದು ಕ್ಲಬ್ಬು. ಹೆಸರು ಬಂದ ಮೇಲೆ ದೊಡ್ಡ ಸಂಭಾವನೆ ಕೊಟ್ಟು ಕರೆಸುವುದು ಫೆಸ್ಟಿವಲ್. ಎಷ್ಟೋ ಒಪ್ಪಂದಗಳಲ್ಲಿ ಒಂದು ಷರತ್ತೂ ಇರುತ್ತದೆ. ಇಲ್ಲಿ ನುಡಿಸಿದರೆ ಇಷ್ಟು ದೂರದೊಳಗೆ, ಇಷ್ಟು ವಾರ, ಇನ್ನೆಲ್ಲೂ ನುಡಿಸುವಂತಿಲ್ಲ ಅಂತ. ಬಿತ್ತಿದವರು ಒಬ್ಬರು, ಕೊಯ್ಯುವವರು ಇನ್ನೊಬ್ಬರು. ಕ್ಲಬ್ಬುಗಳ ಗತಿ ನೋಡಿ. 2016ರಲ್ಲಿ ಜರ್ಮನ್ ತೆರಿಗೆ ಕೋರ್ಟೊಂದು ಬೆರ್ಗ್‌ಹೈನ್‌ಗೆ ಸಂಗೀತ ಕಚೇರಿಗಳ ಲೆಕ್ಕದಲ್ಲೇ ಶೇ. 7 ತೆರಿಗೆ ಸಾಕು, ಶೇ. 19 ಬೇಡ ಅಂದಿತು. 2024ರ ಮಾರ್ಚಿನಲ್ಲಿ ಬರ್ಲಿನ್ನಿನ ಟೆಕ್ನೋ ಸಂಸ್ಕೃತಿ ಜರ್ಮನಿಯ ಅಮೂರ್ತ ಪರಂಪರೆಯ ರಾಷ್ಟ್ರೀಯ ಪಟ್ಟಿಗೆ ಸೇರಿತು. ಚಪ್ಪಾಳೆ ಎಲ್ಲಾ ಆಯಿತು. ಅದೇ ವರ್ಷದ ಕೊನೇ ದಿನ, ಸ್ಪ್ರೇ ನದಿ ದಂಡೆಯಲ್ಲಿ 2002ರಿಂದ ಇದ್ದ ವಾಟರ್‌ಗೇಟ್ ಕ್ಲಬ್ ಬಾಗಿಲು ಮುಚ್ಚಿತು. ಲಂಡನ್ನಿನ ಫ್ಯಾಬ್ರಿಕ್ ಕ್ಲಬ್ 2016ರಲ್ಲಿ ಲೈಸೆನ್ಸ್ ಕಳೆದುಕೊಂಡು, ಹೋರಾಡಿ ಮತ್ತೆ ತೆರೆದದ್ದರಿಂದ ಇವತ್ತಿಗೂ ಉಳಿದಿದೆ. ಅಲ್ಲಿನ ಒಂದು ಫ್ಲೋರಿನ ಕೆಳಗೆ ಬೇಸಿನ ಕಂಪನವನ್ನು ನೆಲಕ್ಕೇ ದಾಟಿಸುವ ಯಂತ್ರಗಳಿವೆ, ಪಾದದಿಂದಲೇ ಹಾಡು ಕೇಳಿಸುತ್ತದೆ. ಅಂಥದ್ದನ್ನು ಮೂರು ದಿನಕ್ಕೆ ಎಬ್ಬಿಸಿ ಬಿಚ್ಚುವ ಸ್ಟೇಜಿನಲ್ಲಿ ಮಾಡೋಕಾಗುತ್ತಾ?

ಕ್ಲಬ್ಬು ಅಂದರೆ ಬರೀ ಡ್ರಗ್ಸ್ ಅಲ್ವಾ ಅಂತ ಕೇಳುವವರಿಗೆ ಒಂದು ಮಾತು. ಇರುತ್ತವೆ, ಸುಳ್ಳು ಹೇಳೋಲ್ಲ. ಫೆಸ್ಟಿವಲ್ಲಿನಲ್ಲೂ ಇರುತ್ತವೆ. ನಾನು ನೀರು ಕುಡಿದುಕೊಂಡೇ ಬೆಳಗಿನ ತನಕ ಕುಣಿದಿದ್ದೇನೆ, ಹಾಗೆ ಕುಣಿಯುವವರು ನೀವು ಅಂದುಕೊಂಡಿದ್ದಕ್ಕಿಂತ ಜಾಸ್ತಿ.

ಕಿವಿ ಬಗ್ಗೆ ಮಾತ್ರ ಎಲ್ಲರೂ ಕೇಳಿಸಿಕೊಳ್ಳಿ. 85 ಡೆಸಿಬೆಲ್ ಸದ್ದನ್ನು ಎಂಟು ಗಂಟೆ ತಡೆಯಬಹುದು ಅನ್ನುತ್ತಾರೆ. ಮೂರು ಡೆಸಿಬೆಲ್ ಏರಿದಂತೆಲ್ಲ ಆ ಸಮಯ ಅರ್ಧ ಅರ್ಧ ಆಗುತ್ತಾ ಹೋಗುತ್ತದೆ. 100 ಡೆಸಿಬೆಲ್‌ಗೆ ಹದಿನೈದು ನಿಮಿಷ ಅಷ್ಟೇ. ಹತ್ತಿ ತುರುಕಬೇಡಿ, ಅದು ಸದ್ದನ್ನು ಮಂಕು ಮಾಡುತ್ತದೆಯೇ ಹೊರತು ಕಿವಿ ಕಾಯುವುದಿಲ್ಲ. ಸಂಗೀತಗಾರರು ಹಾಕುವ ಫಿಲ್ಟರ್ ಇರುವ ಇಯರ್‌ಪ್ಲಗ್ ತಗೊಳ್ಳಿ. ಅದನ್ನು ಹಾಕಿಕೊಂಡರೆ ಹಾಡು ಹಾಡಾಗಿಯೇ ಕೇಳುತ್ತದೆ.

ಮುಂದಿನ ಬೇಸಿಗೆಗೆ ನನ್ನ ಜೊತೆ ಬರುತ್ತೇವೆ ಅಂದವರಿಗೆ ಈಗಲೇ ಹೇಳಿಬಿಡುತ್ತೇನೆ. ನಾನು ಬಾಗಿಲು ತೆರೆದ ಕೂಡಲೇ ಒಳಗೆ ಹೋಗುವವನು. ಪೋಸ್ಟರಿನ ಕೊನೇ ಸಾಲಿನ ಹೆಸರಿನಿಂದ ಶುರು, ದೊಡ್ಡ ಹೆಸರಿನವರು ಬರುವ ಹೊತ್ತಿಗೆ ಸುಸ್ತಾಗಿದ್ದರೆ ಹೊರಟುಬಿಡುತ್ತೇನೆ. ರಾತ್ರಿ ಎರಡು ಗಂಟೆಗೆ ಅಲಂಕಾರ ಮಾಡಿಕೊಂಡು ಕ್ಯೂ ನಿಲ್ಲುವ ಪ್ಲಾನ್ ಇದ್ದವರು ಬೇರೆ ಗುಂಪು ನೋಡಿಕೊಳ್ಳಿ. ಡೆಕ್‌ಮ್ಯಾಂಟೆಲ್ ಟಿಕೆಟ್ ಬೇಕಾದವರು ಕಾಮೆಂಟಿನಲ್ಲಿ ಹೇಳಿ, ಒಟ್ಟಿಗೆ ತೆಗೆಸೋಣ. ಹೆಸರು ಬೇಡ ಅಂದ ಆ ದೊಡ್ಡ ಫೆಸ್ಟಿವಲ್ಲಿಗೆ ಪುಕ್ಕಟೆ ಪಾಸ್ ಕೊಟ್ಟರೂ ಅನುಮಾನವೇ.