ಕ್ರಾಸಲ್ಲಿ ಇಳಿಯುವವನು

"ಕೊನೇ ಸ್ಟಾಪಿಗೆ ಒಂದು ಕೊಡಿ" ಎಂದೆ. ಕಂಡಕ್ಟರು ನನ್ನ ಮುಖ ನೋಡಿದರು. ಬಾಯಲ್ಲಿ ಎಲೆಯಡಿಕೆಯ ಕವಳ ಇದ್ದುದರಿಂದ ಮಾತಿಲ್ಲ, ಹುಬ್ಬಿನಲ್ಲೇ ಪ್ರಶ್ನೆ: ಯಾರ ಮನೆಗೆ? ಯಾರ ಮನೆಗೂ ಇಲ್ಲ, ಸುಮ್ನೆ ಕಾಡಲ್ಲಿ ನಡೆಯೋಕೆ ಎಂದೆ. ಅವರು ಕಿಟಕಿಗೆ ಬಾಗಿ ಕವಳ ಉಗಿದು, ಬಾಯಿ ಒರೆಸಿಕೊಂಡು ಕೇಳಿದರು.

"ನಡೆಯೋಕೆ ಬಸ್ಸಲ್ಲಿ ಯಾಕೆ ಬಂದ್ರಿ?"

ಬಸ್ಸಿನಲ್ಲಿದ್ದವರೆಲ್ಲ ನಕ್ಕರು. ನನ್ನ ಹತ್ತಿರ ಉತ್ತರ ಇರಲಿಲ್ಲ. ಟಿಕೆಟ್ ಹರಿದು, ಚಿಲ್ಲರೆ ಇಲ್ಲವೆಂದು ಅದರ ಹಿಂದೆ '7' ಎಂದು ಬರೆದು ಕೊಟ್ಟು ಮುಂದೆ ಹೋದರು.

ನಾನು ಗದಗ ಕಡೆಯವನು. ಶಿರಸಿಗೆ ಕೆಲಸಕ್ಕೆ ಬಂದು ಕೆಲವು ವರ್ಷಗಳಾದವು. ಕಾರಿಲ್ಲ, ಘಟ್ಟದ ತಿರುವುಗಳಲ್ಲಿ ಬೈಕ್ ಓಡಿಸುವ ಧೈರ್ಯವೂ ಇಲ್ಲ. ಹಾಗಾಗಿ ಭಾನುವಾರ ಬಂತೆಂದರೆ ಬಸ್‌ಸ್ಟ್ಯಾಂಡಿಗೆ ಹೋಗಿ ಬೋರ್ಡು ಓದುತ್ತೇನೆ. ದೊಡ್ಡ ಊರಿನ ಬಸ್ಸುಗಳನ್ನು ಬಿಟ್ಟುಬಿಡುತ್ತೇನೆ. ಹಾಲಿನ ಕ್ಯಾನು, ಹಿಂಡಿ ಮೂಟೆ, ಒಂದೆರಡು ಬಾಳೆಗೊನೆ ಹತ್ತುವ ಬಸ್ಸು ಯಾವುದೋ ಅದು ಕಾಡಿಗೆ ಹೋಗುತ್ತದೆ. ಇದರಲ್ಲಿ ನನಗೆ ಇದುವರೆಗೆ ಮೋಸ ಆಗಿಲ್ಲ.

ಕಾರಿನಲ್ಲಿ ಬರುವ ಗೆಳೆಯರಿಗೆ ನನ್ನ ಮೇಲೆ ಮರುಕ. ನನಗೆ ಅವರ ಮೇಲೆ. ಕಾರಿನವರು ಗೂಟಕ್ಕೆ ಕಟ್ಟಿದ ದನದ ಹಾಗೆ. ಎಷ್ಟು ಮೇದರೂ ಕೊನೆಗೆ ಗೂಟದ ಹತ್ತಿರವೇ ಬರಬೇಕು. ನಾನು ಯಲ್ಲಾಪುರ ರಸ್ತೆಯ ಒಂದು ಕ್ರಾಸಲ್ಲಿ ಇಳಿದು, ಶಾಲ್ಮಲೆಯ ಬಂಡೆಗಳ ಮೇಲಿನ ಸಹಸ್ರಲಿಂಗ ನೋಡಿಕೊಂಡು, ಬೇರೆ ಯಾವುದೋ ರಸ್ತೆಗೆ ಹೋಗಿ ಕೈ ಅಡ್ಡ ಹಿಡಿಯಬಹುದು. ಇಲ್ಲಿ ಕ್ರಾಸ್ ಎಂದರೆ ಒಂದು ಊರಿದ್ದ ಹಾಗೆ. ತಗಡಿನ ತಂಗುದಾಣ, ಅರ್ಧ ಅಳಿಸಿದ ಬೋರ್ಡು, ಸಂಜೆ ಬರುವ ಯಾರಿಗೋ ಕಾಯುತ್ತ ನಿಂತ ಒಂದು ಬೈಕು. ಜನ ಮಾತ್ರ ಇರುವುದಿಲ್ಲ.

"ಸೊಕ್ಕಿದ್ದವ ಯಾಣಕ್ಕೆ ಹೋಗ್ತಾನೆ, ರೊಕ್ಕಿದ್ದವ ಗೋಕರ್ಣಕ್ಕೆ ಹೋಗ್ತಾನೆ" ಎಂದು ಇಲ್ಲೊಂದು ಗಾದೆ. ಯಾಣಕ್ಕೆ ಕಾಡಿನ ಕಾಲುದಾರಿ ಮಾತ್ರ ಇದ್ದ ಕಾಲದ ಮಾತು ಅದು. 120 ಮೀಟರ್ ಎತ್ತರದ ಆ ಕಪ್ಪು ಕಲ್ಲನ್ನು ನೋಡಲು ಮೈಯಲ್ಲಿ ಸೊಕ್ಕು ಬೇಕಿತ್ತು. ಈಗ ವಾಹನ ಹತ್ತಿರದವರೆಗೆ ಹೋಗುತ್ತದೆ, ಆಮೇಲೆ ಮೆಟ್ಟಿಲು. ಸೊಕ್ಕೂ ರೊಕ್ಕವೂ ಇಲ್ಲದ ನನ್ನಂಥವರ ಬಗ್ಗೆ ಗಾದೆ ಏನೂ ಹೇಳುವುದಿಲ್ಲ. ರೊಕ್ಕದ ಮಾತು ಬಂದದ್ದರಿಂದ ಹೇಳುತ್ತೇನೆ, 2023ರ ಜೂನಿನಲ್ಲಿ ಶಕ್ತಿ ಯೋಜನೆ ಬಂದ ಮೇಲೆ ನಮ್ಮ ಮನೆಯಲ್ಲಿ ಚಾರಣದ ಖರ್ಚೆಂದರೆ ನನ್ನೊಬ್ಬನ ಟಿಕೆಟ್ಟು. ಹೆಂಡತಿ ಆಧಾರ್ ಕಾರ್ಡ್ ತೋರಿಸಿ ಕಿಟಕಿ ಪಕ್ಕ ಕೂರುತ್ತಾಳೆ. ದುಡ್ಡು ಕೊಟ್ಟವನು ನಿಂತಿರುತ್ತಾನೆ.

ಹೊಸತರಲ್ಲಿ ಒಮ್ಮೆ ದಾರಿಯಲ್ಲಿ ಸಿಕ್ಕಿದವರನ್ನು "ಇಲ್ಲಿ ಬೆಟ್ಟ ಎಲ್ಲಿದೆ?" ಎಂದು ಕೇಳಿದ್ದೆ. "ಬೆಟ್ಟದಲ್ಲೇ ನಿಂತಿದ್ದೀರಲ್ಲ" ಎಂದರು. ಸುತ್ತ ನೋಡಿದರೆ ಸಪಾಟು ನೆಲ. ಇಲ್ಲಿ ಬೆಟ್ಟಕ್ಕೆ ಎತ್ತರವೇ ಬೇಕಾಗಿಲ್ಲ. ಅಡಿಕೆ ತೋಟಕ್ಕೆ ಸೊಪ್ಪು, ದರಕು ಅಂದರೆ ಉದುರಿದ ಒಣ ಎಲೆ ತರಲು ಬಿಟ್ಟ ಕಾಡಿಗೆ ಸೊಪ್ಪಿನ ಬೆಟ್ಟ ಎನ್ನುತ್ತಾರೆ. ಬಿಸಿಲು ಬೀಳದಷ್ಟು ದಟ್ಟವಾದದ್ದು ಕಾನು. ಈ ಎರಡರ ವ್ಯತ್ಯಾಸ ಕಾಲಿಗೆ ತಿಳಿಯುತ್ತದೆ. ಬೆಟ್ಟದಲ್ಲಿ ದರಕು ಚರಪರ ಎನ್ನುತ್ತದೆ, ಕಾನಿನೊಳಗೆ ಹೆಜ್ಜೆ ಸಪ್ಪಳವೇ ಇಲ್ಲ. ದಾರಿಗಳೂ ನಮ್ಮಂಥ ಚಾರಣಿಗರಿಗೆ ಮಾಡಿದವಲ್ಲ. ಸೊಪ್ಪಿನ ಹೊರೆ ಹೊತ್ತವರು, ಶಾಲೆಗೆ ಹೋದ ಮಕ್ಕಳು, ಮದುವೆ ಕರೆಯಲು ಹೊರಟವರು ನಡೆದು ನಡೆದು ಆದದ್ದು. 1983ರ ಸೆಪ್ಟೆಂಬರಿನಲ್ಲಿ ಸಾಲ್ಕಣಿಯವರು ಮರ ಅಪ್ಪಿಕೊಳ್ಳಲು ಕಾಡಿಗೆ ಹೋದದ್ದೂ ನಡೆದೇ. ಸಾಲ್ಕಣಿ ಎಂಬ ಬೋರ್ಡು ಕಂಡಾಗ ನನಗೆ ಮರ ಉಳಿಸುವ ಆ ಅಪ್ಪಿಕೋ ಚಳವಳಿ ನೆನಪಾಗುತ್ತದೆ, ಪಕ್ಕದಲ್ಲಿ ಕೂತವರಿಗೆ ಮನೆ.

ಸಿದ್ದಾಪುರ ತಾಲೂಕಿನ ಹೆಗ್ಗರಣಿಯಲ್ಲಿ ಇಳಿದು ಉಂಚಳ್ಳಿಗೆ ಸುಮಾರು 5 ಕಿಲೋಮೀಟರ್ ನಡೆದಿದ್ದೇನೆ. ಅಘನಾಶಿನಿ ಅಲ್ಲಿ 116 ಮೀಟರ್ ಕೆಳಗೆ ಬೀಳುತ್ತಾಳೆ. ಕಿವಿ ಕೆಪ್ಪಾಗುವಷ್ಟು ಸದ್ದಿಗೆ ಕೆಪ್ಪ ಜೋಗ ಎಂದೇ ಹೆಸರು. 1845ರಲ್ಲಿ ಕಂಡ ಕಲೆಕ್ಟರನ ನೆನಪಿಗೆ ಲಷಿಂಗ್ಟನ್ ಫಾಲ್ಸ್ ಎಂದೂ ಕರೆಯುತ್ತಾರೆ. ಸುತ್ತಲಿನ ಊರಿನವರಿಗೆ ಅಲ್ಲಿಯತನಕ ಕೇಳಿಸಿರಲಿಲ್ಲವೇನೋ!

ಇರಲಿ, ಆ ಕಂಡಕ್ಟರ ಬಸ್ಸಿನ ದಿನಕ್ಕೆ ಬರುತ್ತೇನೆ. ಚೌತಿ ಕಳೆದ ಮೇಲಿನ ಭಾನುವಾರ. ಕೊನೇ ಸ್ಟಾಪಿನಿಂದ ಕಾನು ದಾಟಿ ಆಚೆ ರಸ್ತೆಗೆ ಸೇರುವುದು, ಅಲ್ಲಿ ಸಂಜೆಯ ಬಸ್ಸು ಹಿಡಿಯುವುದು ನನ್ನ ಲೆಕ್ಕ. ದಣಪೆಯ ಅಡ್ಡಗೋಲು ಸರಿಸಿ ತೋಟದ ಅಂಚಿನಲ್ಲಿ ಹೋದೆ. ಒಂದು ಗಂಟೆ ನಡೆದ ಮೇಲೆ ಹಳ್ಳ ಬಂತು, ದಾಟಲು ಸಂಕ ಇರಲಿಲ್ಲ. ಅಡಿಕೆ ಮರ ಜೋಡಿಸಿ ಹಾಕಿದ್ದನ್ನು ಮಳೆನೀರು ಒಯ್ದಿತ್ತು. ದಡದಲ್ಲಿ ಗೂಟ ಎರಡು ಉಳಿದಿದ್ದವು. ನೋಡುತ್ತ ನಿಂತದ್ದು ಎರಡೇ ನಿಮಿಷ. ಅಷ್ಟರಲ್ಲಿ ಉಂಬಳಗಳಿಗೆ, ಅಂದರೆ ಕಾಡಿನ ಜಿಗಣೆಗಳಿಗೆ, ಸುದ್ದಿ ಮುಟ್ಟಿತ್ತು. ಎಲೆಯ ತುದಿಯಲ್ಲಿ ಎದ್ದು ನಿಂತು, ದಾರದ ತುಂಡಿನ ಹಾಗೆ ಗಾಳಿಯಲ್ಲಿ ಹುಡುಕಾಡುತ್ತವೆ. ನಮ್ಮ ಉಸಿರು, ಮೈಬಿಸಿ, ನೆಲದ ಅದುರು ಅವಕ್ಕೆ ತಿಳಿಯುತ್ತದೆ. ಕಚ್ಚಿದ್ದು ನಮಗೆ ತಿಳಿಯುವುದಿಲ್ಲ. ರಕ್ತ ಹೆಪ್ಪುಗಟ್ಟದಂತೆ ಅವು ಏನೋ ಬಿಡುತ್ತವಂತೆ, ಉದುರಿದ ಮೇಲೂ ಕಾಲು ಸೋರುತ್ತಲೇ ಇರುತ್ತದೆ.

ವಾಪಸ್ ಓಡಿದೆ. ಮೊದಲು ಸಿಕ್ಕಿದ ಮನೆಯ ಜಗಲಿಯಲ್ಲಿ ಅಜ್ಜ ಕವಳ ಹಾಕುತ್ತ ಕೂತಿದ್ದರು. ನನ್ನ ಕಾಲು ನೋಡಿ ಏನೂ ಕೇಳಲಿಲ್ಲ, ಸುಣ್ಣದ ಡಬ್ಬಿ ಮುಂದೆ ತಳ್ಳಿದರು. ಹನ್ನೊಂದು ಎಣಿಸಿದೆ. ಅಷ್ಟೂ ಉದುರಿದ ಮೇಲೆ ಒಳಗಿಂದ ಅಮ್ಮ ಬಂದು "ಆಸರಿಗೆ ಎಂತ ಬೇಕು?" ಎಂದರು. ಈ ಸೀಮೆಯಲ್ಲಿ ಈ ಪ್ರಶ್ನೆಗೆ 'ಬೇಡ' ಎಂಬ ಉತ್ತರ ನಡೆಯುವುದಿಲ್ಲ. ಮಜ್ಜಿಗೆ ಬಂತು, ಆಮೇಲೆ ಕಷಾಯ, ಆಮೇಲೆ ಬಾಳೆಹಣ್ಣು. ನಾನು ಗಡಿಯಾರ ನೋಡುವುದಕ್ಕೂ ತೋಟದ ಆಚೆ ಹಾರ್ನ್ ಕೇಳುವುದಕ್ಕೂ ಸರಿಹೋಯಿತು. ಅಜ್ಜ ತಲೆ ಎತ್ತದೆ "ಹೋತು" ಎಂದರು. ಇನ್ನು ರಾತ್ರಿ ವಸ್ತಿ ಬಸ್ಸು ಬರುತ್ತದೆ, ಅದು ಹೊರಡುವುದು ಬೆಳಿಗ್ಗೆ ಆರೂಕಾಲಿಗೆ.

ರಾತ್ರಿ ಅನ್ನ, ತಂಬುಳಿ, ಅಪ್ಪೆಮಿಡಿ. ಜಗಲಿಯಲ್ಲಿ ಕಂಬಳಿ. ಜೀರುಂಡೆಗಳು ನಿಲ್ಲಿಸಿದಾಗಲೇ ಅವು ಇಷ್ಟು ಹೊತ್ತು ಕೂಗುತ್ತಿದ್ದವೆಂದು ಗೊತ್ತಾದದ್ದು. ಎಂಟರ ಸುಮಾರಿಗೆ ಬಸ್ಸು ಏದುಸಿರು ಬಿಡುತ್ತ ಬಂದು ದೇವಸ್ಥಾನದ ಎದುರು ನಿಂತಿತು. ಒಳಗಿನ ದೀಪ ಸ್ವಲ್ಪ ಹೊತ್ತು ಉರಿಯಿತು, ಮತ್ತೆ ಆರಿತು. ಅವತ್ತು ಇಡೀ ಊರಿಗೆ ನೆಂಟರೆಂದರೆ ನಾನು, ಡ್ರೈವರು, ಕಂಡಕ್ಟರು.

ಬೆಳಿಗ್ಗೆ ಮಂಜು. ಹಾಲಿನ ಕ್ಯಾನುಗಳ ನಡುವೆ ಕಾಲಿಡಲು ಜಾಗ ಹುಡುಕಿ ಹತ್ತಿದೆ. ಅದೇ ಕಂಡಕ್ಟರು. ಇನ್ನೂ ಕವಳ ಹಾಕಿರಲಿಲ್ಲ. ನಾನು ಜೇಬಿನಿಂದ ನಿನ್ನೆಯ ಟಿಕೆಟ್ ತೆಗೆದೆ. ಬೆವರು, ಮಳೆಗೆ ಅದು ಮುದ್ದೆಯಾಗಿತ್ತು, ಹಿಂದೆ ಬರೆದದ್ದು ಏನೂ ಕಾಣುತ್ತಿರಲಿಲ್ಲ. ಅವರು ಅದನ್ನು ಕೈಯಲ್ಲಿ ತೆಗೆದುಕೊಳ್ಳಲೂ ಇಲ್ಲ.

"ಏಳು ರೂಪಾಯಿ ಅಲ್ವಾ" ಎಂದು ಎಣಿಸಿ ಕೊಟ್ಟರು. ಆಮೇಲೆ ನನ್ನ ಕಾಲಿನ ಮೇಲಿನ ಸುಣ್ಣದ ಬೊಟ್ಟುಗಳನ್ನು ನೋಡಿ ಕೇಳಿದರು.

"ನಡೆದಾಯ್ತಾ?"