ಯಾರೂ ಗೆಲ್ಲದ ಕುದುರೆ ಓಟ

ಇಟಲಿಯ ಕುದುರೆ ಓಟ ಅಂದರೆ ಸಿಯೆನಾದ ಪಾಲಿಯೊ, ಮುಗಿಯಿತು ಅಂದುಕೊಂಡಿದ್ದೆ. ಮಿಲಾನಿನಲ್ಲಿ ನನ್ನ ಜೊತೆ ಕೆಲಸ ಮಾಡುವವನೊಬ್ಬ ಇಟಲಿಯ ಸಾರ್ಡೀನಿಯಾ ದ್ವೀಪದವನು. ಜುಲೈನಲ್ಲಿ ತನ್ನ ಕಡೆಯ ಸೆದಿಲೊ ಊರಿಗೆ ಕರೆದುಕೊಂಡು ಹೋದ. 6ರ ಸಂಜೆ, ಮತ್ತೆ 7ರ ಬೆಳಿಗ್ಗೆ ಅಲ್ಲಿ ಕಾನ್‌ಸ್ಟಂಟೈನನ ಹಬ್ಬ. ಅವನು ಹಳೇ ರೋಮಿನ ಚಕ್ರವರ್ತಿ, ಆ ಊರಿನವರಿಗೆ ಸಂತ. ಓಟದ ಹೆಸರು ಆರ್ದಿಯಾ. "ಯಾರು ಗೆಲ್ತಾರೆ?" ಅಂತ ಕೇಳಿದೆ. ಅವನು ನಕ್ಕುಬಿಟ್ಟ.

ಆರ್ದಿಯಾ ಅಂದರೆ ಕಾವಲು. ಮುಂದೆ ಬಾವುಟ ಹಿಡಿದ ಮೂವರು ಸವಾರರು. ಮೊದಲನೆಯವನೇ ಕಾನ್‌ಸ್ಟಂಟೈನ್. ಅವರ ಬೆನ್ನಿಗೆ ಕೋಲು ಹಿಡಿದ ಕಾವಲಿನವರು. ಅದರ ಹಿಂದೆ ನೂರರ ಹತ್ತಿರ ಕುದುರೆಗಳು, ಕ್ರಿ.ಶ. 312ರ ಮಿಲ್ವಿಯನ್ ಸೇತುವೆ ಯುದ್ಧದಲ್ಲಿ ಅವನೆದುರು ಸೋತ ಮ್ಯಾಕ್ಸೆಂಟಿಯಸನ ಸೈನ್ಯದ ಪಾತ್ರ ಅವರದು. ಮುಂದಿನವನನ್ನು ಯಾರೂ ದಾಟದ ಹಾಗೆ ಕಾಯಬೇಕು, ಅಷ್ಟೇ.

ಆದರೆ ಆ ಇಳಿಜಾರು ನೋಡಬೇಕು! ಒಣಗಿದ ಹುಲ್ಲು, ಕಣ್ಣಿಗೆ ನುಗ್ಗುವ ಧೂಳು, ಬರೀ ಮದ್ದು ತುಂಬಿದ ಬಂದೂಕುಗಳ ಢಂ ಢಂ. ಕೆಳಗೆ ಕಿರಿದಾದ ಕಲ್ಲಿನ ಕಮಾನು. ಅಷ್ಟೂ ಕುದುರೆಗಳು ಅದರೊಳಗೇ ತೂರಬೇಕು. ನಾನಂತೂ ಕಣ್ಣು ಮುಚ್ಚಿಕೊಂಡೆ. ತೆರೆದಾಗ ಅವರು ಗುಡಿಗೆ, ಅಂದರೆ ಚರ್ಚಿಗೆ, ಪ್ರದಕ್ಷಿಣೆ ಹಾಕುತ್ತಿದ್ದರು.

ರೋಮಿನ ಚರ್ಚು ಕಾನ್‌ಸ್ಟಂಟೈನನನ್ನು ಸಂತರ ಪಟ್ಟಿಗೆ ಸೇರಿಸಿಲ್ಲ. ಸೆದಿಲೊದವರಿಗೆ ಅದರ ಚಿಂತೆಯೇ ಇಲ್ಲ. ಹರಕೆ ಹೊತ್ತವರು ಮುಂದಿನ ಬಾವುಟ ಹಿಡಿಯಲು ತಮ್ಮ ಹೆಸರು ಕೊಡುತ್ತಾರೆ. ನಮ್ಮೂರ ಮಾರಮ್ಮನಿಗೆ ಯಾವ ಪುರಾಣದ ಶಿಫಾರಸು ಬೇಕಿತ್ತು ಹೇಳಿ?

ಬೆಂಗಳೂರಿನಲ್ಲಿ ಬೆಳೆದ ನನಗೆ ಪಾಲಿಯೊಗಿಂತ ಇದು ಹತ್ತಿರ ಅನ್ನಿಸಿದ್ದು ಕರಗದಿಂದ. ಧರ್ಮರಾಯನ ಗುಡಿಯಿಂದ ಕರಗ ಹೊರಟಾಗ ಸುತ್ತ ಕತ್ತಿ ಹಿಡಿದ ವೀರಕುಮಾರರು. ಅಲ್ಲೂ ಕಾಯುವುದೇ ಸೇವೆ. ಆದರೆ ನಮ್ಮ ಕರಗಕ್ಕೆ ಎದುರಾಳಿ ಇಲ್ಲ. ಸೆದಿಲೊದಲ್ಲಿ ಇದ್ದಾನೆ, ಅವನೂ ಭಕ್ತನೇ. ಯಕ್ಷಗಾನದಲ್ಲಿ ರಾಕ್ಷಸನ ವೇಷದವನಿಗೆ ಕೊನೆಗೆ ಸೋಲುವುದು ತನ್ನ ಪಾಲು ಅಂತ ಗೊತ್ತಿರುತ್ತದೆ, ಅಲ್ವಾ? ಇಲ್ಲಿ ಹಿಂದಿನವರು ಸುಮ್ನೆ ನಟಿಸುವುದಿಲ್ಲ. ನಿಜವಾಗಿ ದಾಟಲು ನೋಡುತ್ತಾರೆ, ಕೋಲಿನೇಟು ತಿನ್ನುತ್ತಾರೆ. ದೇವರ ಶತ್ರುವಿನ ಪಾತ್ರವನ್ನು ಇಷ್ಟು ಪ್ರಾಮಾಣಿಕವಾಗಿ ಮಾಡುವ ಸೇವೆ ನಾನು ನಮ್ಮಲ್ಲಿ ಕಂಡಿಲ್ಲ. ನನಗೆ ಜಾಸ್ತಿ ಹಿಡಿಸಿದ್ದು ಅದೇ.

ಸಂಜೆ ಒಬ್ಬ ಸವಾರ ಮೊಣಕೈ ತರಚಿಕೊಂಡು ಕುದುರೆಗೆ ನೀರು ಕುಡಿಸುತ್ತಿದ್ದ. ಮುಂದಿದ್ದೆಯಾ, ಹಿಂದಿದ್ದೆಯಾ ಅಂತ ಕೇಳಿದೆ. "ಹಿಂದೆ" ಅಂದ. "ನಾಳೆ ಬೆಳಿಗ್ಗೆ ಇನ್ನೊಂದು ಸಲ ನೋಡ್ತೀನಿ."